ತ್ಸೆಂಗ್ ಮೇಸ್ತ್ರಿಯ ಮೊಹರು

ಆ ಬಾಗಿಲು ಸ್ವಲ್ಪ ಮುಂದಕ್ಕೆ ಹಾಕಿ... ಇದು ಎಲ್ಲೋ ಯಾರೋ ಹೇಳಿ ಕೇಳಿದ್ದಲ್ಲ. ತಾಯ್‌ಚುಂಗ್ ಪಕ್ಕದ ನಮ್ಮ ಷೆನ್‌ಗಾಂಗ್‌ನಲ್ಲೇ, ನಮ್ಮ ಸೋದರತ್ತೆ ಮಗ ಆ-ಲಿಯಾಂಗನಿಗೆ ಆದದ್ದು.

ಚಳಿಗಾಲ. ಸಂಜೆ ಗಂಟೆ ಏಳೂ ಆಗಿರಲಿಲ್ಲ, ಕತ್ತಲು ಮಾತ್ರ ಗವ್ವೆನ್ನುತ್ತಿತ್ತು. ಆ-ಲಿಯಾಂಗ್ ತಮ್ಮ ಮನೆತನದ ಕಾರ್ಖಾನೆಗೆ ಬೀಗ ಹಾಕಿ ಆಲದ ಮರದ ದಾರಿಯಲ್ಲಿ ನಡೆದು ಬರುತ್ತಿದ್ದ. ಮರದ ಕೆಳಗೆ ಭೂದೇವರ ಪುಟ್ಟ ಗುಡಿ, ಒಂದು ಕಲ್ಲುಬೆಂಚು. ಅವನ ಚೀಲದಲ್ಲಿ ಕಾರ್ಖಾನೆಯ ಐವತ್ತು ವರ್ಷದ ಚರಿತ್ರೆ. ಬರೆದವನು ಅವನೇ, ಬೆಳಗ್ಗೆ ಅಚ್ಚಿಗೆ ಕೊಡಬೇಕು. ತಾತ ಹಂದಿಗೂಡಿನಲ್ಲಿ ಒಂದೇ ಲೇತ್ ಇಟ್ಟು ಶುರು ಮಾಡಿದ್ದು, ಅಪ್ಪ ಸಾಣೆ ಯಂತ್ರ ತಂದದ್ದು, ಎಲ್ಲಾ ಇತ್ತು. ನಡುವೆ ಒಂದು ಸಾಲು: ‘ಹನ್ನೊಂದು ವರ್ಷದ ಹಿಂದೆ ತ್ಸೆಂಗ್ ಎಂಬ ಕೆಲಸಗಾರನ ಅಜಾಗರೂಕತೆಯಿಂದ ಮುನ್ನೂರ ಅರವತ್ತು ಸ್ಪಿಂಡಲ್‌ಗಳು ವಾಪಸಾದವು.’

ಆ ಸಾಲು ಸುಳ್ಳು. ಅದು ಗೊತ್ತಿದ್ದವನು ತಾನೊಬ್ಬನೇ ಅಂದುಕೊಂಡಿದ್ದ.

ಸ್ಪಿಂಡಲ್ ಅಂದರೆ ಯಂತ್ರದೊಳಗೆ ತಿರುಗೋ ಉಕ್ಕಿನ ದಂಡ. ಸಾಣೆ ಹಿಡಿದ ಉಕ್ಕು ಬೆಚ್ಚಗಿರುತ್ತೆ. ಬೆಚ್ಚಗಿದ್ದಾಗ ಉಬ್ಬಿರುತ್ತೆ. ರಾತ್ರಿಯೆಲ್ಲ ಕಲ್ಲುಹಾಸಿನ ಮೇಲಿಟ್ಟು, ಬೆಳಗ್ಗೆ ಅಳೆದು, ಆಮೇಲೆ ಮೊಹರು ಹಾಕೋದು ತ್ಸೆಂಗ್ ಮೇಸ್ತ್ರಿಯ ಪದ್ಧತಿ. ಇಡೀ ತೈವಾನಿನಲ್ಲಿ ಅಂಥ ಕೈ ಇನ್ನೊಂದಿಲ್ಲ ಅನ್ನುತ್ತಿದ್ದರು. ಆ ಸ್ಪಿಂಡಲ್‌ಗಳನ್ನು ಕಳಿಸಬೇಕಾದ ದಿನ ಮೇಸ್ತ್ರಿ ರಜೆ. ಆ-ಲಿಯಾಂಗನಿಗೆ ಸಂಜೆ ಹುಡುಗಿ ಮನೆಯವರ ಜೊತೆ ಊಟ. ಕಾಯೋ ತಾಳ್ಮೆ ಎಲ್ಲಿಂದ ಬರಬೇಕು? ಬಿಸಿಯಲ್ಲೇ ಅಳೆದ, ಬೀಗವಿಲ್ಲದ ಡ್ರಾಯರಿನಿಂದ ಮೇಸ್ತ್ರಿಯ ಮೊಹರು ತೆಗೆದ, ತಪಾಸಣೆ ಚೀಟಿಯ ಮೇಲೆ ಒತ್ತಿದ. ಜಪಾನಿನ ಗಿರಾಕಿಗೆ ಮುಟ್ಟುವಷ್ಟರಲ್ಲಿ ತಣ್ಣಗಾಗಿ ಒಂದೊಂದೂ ಕೂದಲೆಳೆಯ ಇಪ್ಪತ್ತನೇ ಪಾಲು ಸಣ್ಣಗಾಗಿತ್ತು. ಅಷ್ಟು ಸಾಕು... ಎಲ್ಲಾ ವಾಪಸ್.

ಮಾಲಿನ ಜೊತೆ ವಾಪಸಾದ ಆ ಚೀಟಿ ನೋಡಿದ ಮೇಸ್ತ್ರಿ ಒಮ್ಮೆ ಮೊಹರನ್ನು ನೋಡಿದರು, ಒಮ್ಮೆ ಆ-ಲಿಯಾಂಗನನ್ನು ನೋಡಿದರು. ತಪ್ಪನ್ನು ತಮ್ಮ ತಲೆಗೇ ಹಾಕಿಕೊಂಡರು. ಆ ವರ್ಷದ ಕೊನೆಯ ಔತಣದಲ್ಲಿ, ಬೇಯಿಸಿಟ್ಟ ಇಡೀ ಕೋಳಿಯ ತಲೆಯನ್ನು ಯಜಮಾನರು, ಅಂದರೆ ಆ-ಲಿಯಾಂಗನ ಅಪ್ಪ, ಮೇಸ್ತ್ರಿ ಕಡೆ ತಿರುಗಿಸಿ ಇಟ್ಟರು. ನಮ್ಮ ಕಡೆ ಕೋಳಿ ತಲೆ ತಿರುಗಿದರೆ ಸಾಕು, ನಾಳೆಯಿಂದ ಬರಬೇಡ ಅಂತ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಮೇಸ್ತ್ರಿ ಊಟ ಮುಗಿಸಿ, ಎಲ್ಲರಿಗೂ ತಲೆಬಾಗಿ, ಸ್ಕೂಟರ್ ಹತ್ತಿ ಹೋದರು. ಎರಡು ವರ್ಷಕ್ಕೆ ತೀರಿಕೊಂಡರು. ಆ-ಲಿಯಾಂಗ್ ಮಣ್ಣಿಗೂ ಹೋಗಲಿಲ್ಲ. ಯಾವ ಮುಖ ಇಟ್ಟುಕೊಂಡು ಹೋಗೋದು?

ಸರಿ... ಆಲದ ಮರದ ಹತ್ತಿರ ಬಂದ.

ಟಿಕ್... ಟಿಕ್... ಟಿಕ್.

ಗಾಳಿಯಲ್ಲ, ಹುಳವಲ್ಲ. ದಪ್ಪ ಅಳೆಯೋ ಮೈಕ್ರೊಮೀಟರಿನ ಹಿಡಿ ತಿರುಗಿಸುವ ಸದ್ದು. ಸರಿಯಾಗಿ ಮೂರು ಸಲ. ಸ್ವಲ್ಪ ಬಿಟ್ಟು, ಮತ್ತೆ ಮೂರು.

ಬೆಂಚಿನ ಮೇಲೆ ಬೆನ್ನು ಹಾಕಿ ಕೂತ ಒಬ್ಬ ಮನುಷ್ಯ. ಬೂದು ಅಂಗಿ.

“ಮೇ... ಮೇಸ್ತ್ರಿ?”

“ಮೆಲ್ಲಗೆ, ಚಿಕ್ಕ ಯಜಮಾನ್ರೇ. ಅಳೀತಾ ಇದೀನಿ.”

ಆ-ಲಿಯಾಂಗ್ ಚೀಲವನ್ನು ಎದೆಗೆ ಅವುಚಿಕೊಂಡ.

“ಇನ್ನೂ ಬಿಸಿ ಇದೆ,” ಅಂದಿತು ಆ ದನಿ. “ಇದಕ್ಕೆ ಮೊಹರು ಯಾರು ಹಾಕಿದ್ದು?”

ಟಿಕ್... ಟಿಕ್... ಟಿಕ್.

“ನಾನು,” ಅಂದ. “ನಾನೇ ಹಾಕಿದ್ದು, ಮೇಸ್ತ್ರಿ.”

“ನಂಗೆ ಗೊತ್ತು ಬಿಡಿ. ನಿಮ್ಮ ಒತ್ತು ಯಾವಾಗಲೂ ಸೊಟ್ಟ.” ಸಣ್ಣಗೆ ನಕ್ಕ ಹಾಗಾಯಿತು. “ನನ್ನ ಹೆಂಡತಿಗೆ ಗೊತ್ತಿಲ್ಲ. ಮುದುಕ ಕಣ್ಣು ಮಂಜಾಗಿ ಹಾಳುಮಾಡಿದ ಅಂತಾನೇ ತಿಳ್ಕೊಂಡಿದಾಳೆ.”

ಆ-ಲಿಯಾಂಗ್ ಕಣ್ಣು ಮುಚ್ಚಿ ತೆರೆದ. ಬೆಂಚು ಖಾಲಿ.

ಓಡಿದ. ಮನೆ ಕಡೆಗಲ್ಲ, ಕಾಲುವೆಯಾಚೆ ಮೇಸ್ತ್ರಿಯ ಹೆಂಡತಿಯ ಮನೆಗೆ. ಹನ್ನೊಂದು ವರ್ಷ ಹೊತ್ತ ಪಾಪ ಎದೆಯಲ್ಲಿ ಕಲ್ಲಿನಂತೆ ಕೂತಿತ್ತು. ಮುದುಕಿ ಬಾಗಿಲು ತೆಗೆದ ಕೂಡಲೇ ಮಂಡಿಯೂರಿ ಎಲ್ಲಾ ಹೇಳಿಬಿಟ್ಟ. ಹುಡುಗಿ, ಊಟ, ಡ್ರಾಯರು... ಆ ಸಾಲನ್ನೂ ಓದಿ, ಹಾಳೆ ಹರಿದುಹಾಕಿದ.

ಮುದುಕಿಗೆ ಆಶ್ಚರ್ಯವೇ ಆಗಲಿಲ್ಲ. ಕಣ್ಣು ಮಾತ್ರ ಕೆಂಪಗಿತ್ತು.

“ಏಳಪ್ಪ. ಈಗಷ್ಟೇ ನಿಮ್ಮಪ್ಪನೂ ಬಂದು ಇದನ್ನೇ ಹೇಳಿ ಅತ್ತು ಹೋದ್ರಲ್ಲ.”

“ಯಾರು?”

“ನಿಮ್ಮಪ್ಪ. ‘ಮೊಹರು ಒತ್ತಿದ್ದು ನನ್ನ ಮಗ ಅಂತ ಅವತ್ತೇ ಗೊತ್ತಿತ್ತಮ್ಮ. ಗೊತ್ತಿದ್ದೇ ಕೋಳಿ ತಲೆ ತಿರುಗಿಸ್ದೆ’ ಅಂದ್ರು. ಎಷ್ಟು ಇಳಿದುಹೋಗಿದಾರೆ! ಕೂರಿಸಿ ಟೀ ಕೊಟ್ಟೆ, ಹುರಿದ ಕಡ್ಲೇಕಾಯಿ ಕೊಟ್ಟೆ. ಹಸಿದಿದ್ರು ಪಾಪ, ಎರಡು ಹಿಡಿ ತಿಂದ್ರು.”

ಮೇಜಿನ ಮೇಲೆ ಖಾಲಿ ಲೋಟ, ಸಿಪ್ಪೆಯ ಗುಡ್ಡೆ.

ಆ-ಲಿಯಾಂಗನ ಅಪ್ಪ ಲಕ್ವ ಹೊಡೆದು ಮಲಗಿ ಮೂರು ವರ್ಷ. ಮಾತಿಲ್ಲ, ಕೈಕಾಲು ಆಡಲ್ಲ. ಮೂಗಿನ ನಳಿಕೆಯಲ್ಲೇ ಗಂಜಿ.

ಅವತ್ತು ನಾನು ಅವರ ಮನೆಯಲ್ಲೇ ಇದ್ದೆ. ನೋಡಿಕೊಳ್ಳೋ ಹೆಂಗಸು ರಜೆ, ಸಂಜೆಯಿಂದ ಹಾಸಿಗೆ ಪಕ್ಕ ಕೂತವಳು ನಾನು. ಮಾವ ಎದ್ದಿಲ್ಲ, ನಾನು ಕಣ್ಣು ಮುಚ್ಚಿಲ್ಲ. ಆ-ಲಿಯಾಂಗ್ ಏದುಸಿರು ಬಿಡುತ್ತಾ ಬಂದು ದೀಪ ಹಾಕಿದ. ಮಾವ ಅವನನ್ನೇ ನೋಡುತ್ತಿದ್ದರು, ಕೆನ್ನೆ ಒದ್ದೆಯಾಗಿತ್ತು.

ಕೆಳತುಟಿಗೆ ಕಡಲೆಬೀಜದ ಕೆಂಪು ಸಿಪ್ಪೆಯೊಂದು ಅಂಟಿಕೊಂಡಿತ್ತು. ನಂಬಿ, ಬಿಡಿ... ಒದ್ದೆ ಬಟ್ಟೆಯಲ್ಲಿ ಅದನ್ನು ಒರೆಸಿದವಳು ನಾನೇ.