ಹೂವೆಂದು ಹೇಳಿದ ಹುಲ್ಲು

ಘಾಟ್ಕೋಪರ್ ಮೆಟ್ರೊದ ಟಿಕೆಟ್ ಸಾಲಿನಲ್ಲಿ ಪ್ರಣೀತಾಳ ಮುಂದೆ ನಿಂತಿದ್ದ ಗಂಡ ಹೆಂಡತಿ ಕನ್ನಡದಲ್ಲಿ ಮಾತಾಡುತ್ತಿದ್ದರು.

“ನನಗ ಜ್ವರ ಅಂತ ಒಂದು ವಾರ ಸೊಸೈಟಿ ಗಾರ್ಡನ್‌ಗೆ ಕಳಿಸಿದ್ರ, ಟ್ರೇ ಎಲ್ಲಾ ಬೋಳ ಮಾಡಿಟ್ಟೀಯಲ್ಲ, ಭಾಗವ್ವಾ!”

“ಹೂವಿನ ಸಸಿ ನೋಡ್ಕೋ ಅಂದಿದ್ರಿ. ಅದರಾಗ ಬರೇ ಹುಲ್ಲಿತ್ತು. ಕಿತ್ತು ಸ್ವಚ್ಛ ಮಾಡಿದೆ.”

“ಆ ಹುಲ್ಲನ್ನs ಬೆಳಸಾಕತ್ತಿದ್ದೆ. ಬೀಜ ಮಣ್ಣಿನ ಮ್ಯಾಲ ಉದುರಿಸಿ, ಮುಚ್ಚಲಾರದ, ದಿನಾ ನೀರು ಚಿಮಕಿಸಿ ಎಬ್ಬಿಸಿದ್ದು. ಮುಂದಿನ ವರ್ಷ ಬೆಳ್ಳನ ತೆನಿ ಬರ್ತಿತ್ತು. ಆಮ್ಯಾಲ ವರ್ಷಾ ವರ್ಷಾ.”

“ತಿನ್ನಾಕ ಬರ್ತೈತೇನು?”

“ಇಲ್ಲ. ನೋಡಾಕ ಚಂದ, ಅಷ್ಟs.”

ಎಳೆಯದಾಗಿರುವಾಗ ಎಲ್ಲ ಹುಲ್ಲೂ ಒಂದೇ ಥರ ಕಾಣುತ್ತದೆಂದು, ಶಾಲೆಯಲ್ಲಿ ಸಸ್ಯಶಾಸ್ತ್ರ ಕಲಿಸುವ ಪ್ರಣೀತಾಳಿಗೆ ಗೊತ್ತಿತ್ತು.

“ಬೀಜ ಕೊಟ್ಟ ಆ ಬಿಲ್ಡಿಂಗ್ ಬಾಯಾರ ಕಡೆ ಇನ್ನಷ್ಟು ಕೇಳ್ರಿ.”

“ಎಲ್ಲೀವು? ತಾಯಿಗಿಡ ಬಿಲ್ಡಿಂಗ್ ರಿಪೇರಿಯಾಗ ಹೋತು. ತೀರಿಹೋದ ಅವರ ಯಜಮಾನ್ರು ಹಚ್ಚಿದ್ದದು. ಬಾಯಾರು ಮುಂಜಾನೆದ್ದು ಟ್ರೇ ಮುಂದs ಕುಂದರತಿದ್ರು. ಇವತ್ತು ಊರಿಂದ ಬರ್ತಾರ. ಏನಂತ ಹೇಳ್ಲಿ?”

ಭಾಗವ್ವ ಬೆರಳುಗಳನ್ನು ಸೆರಗಿನೊಳಗೆ ಸೇರಿಸಿಕೊಂಡಳು.

“ನನಗ್ಯಾಕ ಹೂವು ಅಂತ ಸುಳ್ಳು ಹೇಳಿದ್ರಿ?”

“ಜ್ವಾಳದ ಹೊಲದಾಗ ಹುಲ್ಲು ಕಿತ್ತು ಕಿತ್ತು ಬೆನ್ನು ಬಗ್ಗಿಸಿದಾಕಿ ನೀನು. ಮುಂಬೈಯಾಗ ಹುಲ್ಲು ಬೆಳಸಾಕತ್ತೀನಿ ಅಂದಿದ್ರ ನಗತಿದ್ದಿ.”

“ನಗತಿದ್ದೆ ಖರೆ,” ಎಂದಳು ಭಾಗವ್ವ. “ಕೀಳತಿದ್ದಿಲ್ಲ.”

ಗಂಡ ಎರಡು ಟಿಕೆಟ್ ತೆಗೆದುಕೊಂಡ. ಒಂದನ್ನು ಅವಳ ಕೈಗಿಟ್ಟ. ಇಬ್ಬರೂ ಗೇಟು ದಾಟಿ ಜನರಲ್ಲಿ ಸೇರಿಹೋದರು.