ಕೊಚ್ಚಿಯ ನಲ್ಲಿಗೆ ಗೋಣಿ ಸುತ್ತಿದ ಸಾಹೇಬ್ರು

ಚಳಿಯಂತೆ ಚಳಿ! ಅದೂ ಕೊಚ್ಚಿಯಲ್ಲಿ! ಡಿಸೆಂಬರ್‌ನಲ್ಲೂ ಸೆರಗಲ್ಲಿ ಗಾಳಿ ಬೀಸ್ಕೊಂಡು ಅಡುಗೆ ಮಾಡ್ತಿದ್ದ ಊರಲ್ಲಿ ಆ ಮನುಷ್ಯ ನೀರಿನ ಪೈಪಿಗೆ ಗೋಣಿಚೀಲ ಸುತ್ತಿದ ಅಂದ್ರೆ ನೀವು ನಂಬಲ್ಲ. ನಗ್ಬೇಡ್ರೋ, ನಗೋ ವಿಷಯ ಅಲ್ಲ ಇದು. ನಿಮ್ಮ ತಾತನಿಗೆ ಆಗ ಸೆಂಟ್ರಲ್ ಗೌರ್ಮೆಂಟ್ ಕೆಲಸ, ಮಟ್ಟಾಂಚೇರಿಯಲ್ಲಿ ಬಾಡಿಗೆ ಮನೆ. ಕೇರಳ ಅಂತ ರಾಜ್ಯ ಆಗಿ ಒಂದೆರಡು ವರ್ಷ ಆಗಿತ್ತೋ ಏನೋ, ನಮ್ದಿನ್ನೂ ಮೈಸೂರು ರಾಜ್ಯಾನೇ. ನಂಗೆ ಮಲಯಾಳಂನಲ್ಲಿ ಮೊದಲು ಬಂದ ಮಾತೇ 'ವೆಳ್ಳಂ', ನೀರು. ಯಾಕಂದ್ರೆ ಅಲ್ಲಿ ಸುತ್ತ ನೋಡಿದ್ರೆ ನೀರೇ, ಬಾಯಿಗಿಟ್ರೆ ಉಪ್ಪು. ಹಿತ್ತಲ ಬಾವೀದೂ ಉಪ್ಪುಪ್ಪು, ಪಕ್ಕದಲ್ಲೇ ಚರಂಡಿ ಬೇರೆ. ಕುಡಿಯೋಕೆ ಆಲುವ ಹೊಳೆಯಿಂದ ಪೈಪಲ್ಲಿ ಬರೋದೇ ಗತಿ, ಅದೂ ಬೆಳಗಿನ ಜಾವ ಒಂದಿಷ್ಟು ಹೊತ್ತು ಅಷ್ಟೆ. ಬಿಸಿಲೇರಿದ್ಮೇಲೆ ನಲ್ಲಿ ತಿರುಗಿಸಿದ್ರೆ ಸುಂಯ್ ಅಂತ ಗಾಳಿ.

ಆ ವರ್ಷ ಕೆಳಗಡೆ ಮನೆಗೆ ಬಂದ್ರು ನೋಡಿ ಸಾಹೇಬ್ರು. ಶಿಮ್ಲಾ ಕಡೆಯೋರು, ನಿಮ್ಮ ತಾತನ ಆಫೀಸಿಗೇ ದೊಡ್ಡ ಅಧಿಕಾರಿ. ನಾವು ಮಹಡಿ ಮೇಲೆ, ಅವರು ಕೆಳಗೆ, ಇಬ್ರಿಗೂ ಒಂದೇ ಪೈಪು. ನವೆಂಬರ್ ಮುಗೀತು, ಅಲ್ಲಲ್ಲ, ಮುಗಿಯೋಕೆ ಮುಂಚೇನೇ ಶುರು ಹಚ್ಕೊಂಡ್ರು. ಗೋಣಿ ತಂದ್ರು, ತೆಂಗಿನ ನಾರಿನ ಹಗ್ಗ ತಂದ್ರು, ಗೋಡೆ ಮೇಲಿನ ಪೈಪಿಗೆಲ್ಲ ಕಾಲು ಮುರಿದೋರಿಗೆ ಕಟ್ಟು ಕಟ್ದಂಗೆ ಕಟ್ಟಿದ್ರು. ಕಟ್ಕೊಳ್ಳಲಿ, ನಂಗೇನು? ಆದ್ರೆ ಸಂಜೆ ಆಯ್ತೂಂದ್ರೆ ಗೇಟಿನ ಹತ್ರ ಇದ್ದ ದೊಡ್ಡ ವಾಲ್ವ್ ಮುಚ್ಚೋರು, ಅಂಗಳದ ನಲ್ಲಿ ಬಿಟ್ಟು ಪೈಪಲ್ಲಿದ್ದ ಹನಿಹನೀನೂ ನೆಲಕ್ಕೆ ಚೆಲ್ಲೋರು. ಚೆಲ್ಲೋರು ಕಣ್ರೇ, ಕುಡಿಯೋ ನೀರನ್ನ! ಒಳಗೆ ನೀರು ನಿಂತ್ರೆ ಹೆಪ್ಪುಗಟ್ಟಿ, ಉಬ್ಬಿ, ಪೈಪ್ ಒಡೆಯುತ್ತಂತೆ. ವಾಲ್ವ್ ತಿರುಗಿಸೋ ಕಬ್ಬಿಣದ ಕೀಲಿ ಮನೆಯೊಳಗೆ ಇಟ್ಕೊಳ್ಳೋರು. ಮಾರನೇ ದಿನ ಪೈಪಿಗೆ ಬಿಸಿಲು ತಾಗಿದ್ಮೇಲೇ ತೆಗೆಯೋದು. ಅಷ್ಟೊತ್ತಿಗೆ ಆಲುವದ ನೀರು ಬಂದೂ ಹೋಗಿರೋದು! ಅವರ ಮನೆಗೆ ಜವಾನ ದೂರದ ದೋಣಿ ಕಡವಿನ ನಲ್ಲಿಯಿಂದ ಕೊಡ ಹೊತ್ತು ತರೋನು. ನಮಗ್ಯಾರಿದ್ರು? 'ಹೋಗಿ ಹೇಳ್ರೀ ಅವರಿಗೆ' ಅಂದೆ. 'ಸುಮ್ನಿರು ಮಾರಾಯ್ತಿ, ನನ್ನ ಮೇಲಧಿಕಾರಿ ಅವರು. ಮಾರ್ಚ್‌ವರೆಗೆ ತಾನೇ' ಅಂದ್ರು ನಿಮ್ಮ ತಾತ. ಮಾರ್ಚ್‌ವರೆಗೆ! ಮೀಸೆ ಬೇರೆ ಇತ್ತು ನಿಮ್ಮ ತಾತನಿಗೆ!

ಪಕ್ಕದ ಮನೆ ಚೇಚಿ, ನಾವು ಅಕ್ಕ ಅಂತೀವಲ್ಲ ಹಂಗೆ, ಪಾಪ ಒಂದು ಬಿಂದಿಗೆ ಕೊಡೋಳು, ಅದ್ರಲ್ಲೇ ಕುಡಿಯೋದು, ಅದ್ರಲ್ಲೇ ಅನ್ನ. ನಮ್ಮತ್ತೆ, ಅಂದ್ರೆ ತಾತನ ಅಮ್ಮ, ನೀರಿಗಾಗಿ ನನ್ನ ಅಲೆದಾಟ ನೋಡಲಾರದೆ ಒಂದಿನ ಮೆಲ್ಲಗೆ ಕೆಳಗಿಳಿದು ಬಾವಿ ನೀರೇ ಸೇದಿ ಕುಡಿದುಬಿಟ್ರು. ಎರಡು ದಿನಕ್ಕೆ ವಾಂತಿ, ಭೇದಿ. ಕಣ್ಣು ಒಳಗೆ ಹೋಗ್ಬಿಡ್ತು. ಡಾಕ್ಟ್ರು ಬಂದು 'ಕಾಯಿಸಿದ ನೀರು ಬಾಯಿಗೆ ಬಿಡ್ತಾನೇ ಇರಿ' ಅಂದ್ರು. ಯಾವ ನೀರು ಸ್ವಾಮಿ? ಬೆಳಗಿನ ಜಾವ, ನೀರು ಬರೋ ಹೊತ್ತು, ನಮ್ಮ ನಲ್ಲಿ ಒಣಗಿ ಕೂತಿದೆ! ಅತ್ತೆ ಒಣಗಿದ ತುಟಿ ಸವರ್ಕೊಳ್ತಾ 'ನೀರು ಕೊಡೇ' ಅಂತಾರೆ.

ಇಳಿದೆ ನೋಡಿ ಮೆಟ್ಟಿಲು. ಹಿಂದಿಂದ 'ಬೇಡ್ವೇ, ಬೇಡ್ವೇ' ಅಂತಿದಾರೆ ನಿಮ್ಮ ತಾತ. ಬಾಗಿಲು ಬಡಿದೆ. ಸಾಹೇಬ್ರು ಉಣ್ಣೆ ಮಫ್ಲರ್ ಸುತ್ಕೊಂಡು ಬಂದ್ರು, ಹಣೆ ಮೇಲೆ ಬೆವರು! 'ಸಾರ್, ವಾಟರ್! ಮದರ್ ಸಿಕ್!' ಅಂದೆ. 'ವಿಂಟರ್, ಮೇಡಂ. ಪೈಪ್ ವಿಲ್ ಬರ್ಸ್ಟ್' ಅಂದ್ರು. ಮೈಯೆಲ್ಲ ಉರಿದುಹೋಯ್ತು. ಪೈಪಿನ ಗೋಣೀನ ಚರ್ರನೆ ಕಿತ್ತು, 'ಮುಟ್ಟಿ ನೋಡಿ ಸಾರ್, ಎಲ್ಲಿದೆ ಐಸು? ತೋರಿಸಿ ಐಸು!' ಅಂತ ಕನ್ನಡದಲ್ಲೇ ಕಿರುಚಿದೆ. ಮುಟ್ಟಿದ್ರು. ಬೆಚ್ಚಗಿತ್ತು. ಆದ್ರೂ ಏನಂದ್ರು ಗೊತ್ತಾ? 'ಡಿಸೆಂಬರ್ ಈಸ್ ಡಿಸೆಂಬರ್.'

ಅಷ್ಟರಲ್ಲಿ ಅವರ ಹೆಂಡತಿ ಒಳಗಿಂದ ಬಂದ್ರು. ಅಲ್ಲೀವರೆಗೆ ಆ ಹೆಂಗಸಿನ ದನೀನೇ ನಾನು ಕೇಳಿರಲಿಲ್ಲ. ಕೀಲಿ ತಂದು ನನ್ನ ಕೈಲಿಟ್ಟು 'ಲೋ, ಬೆಹನ್' ಅಂದ್ರು, ಹಿಂದೀಲಿ 'ತಗೋ ತಂಗಿ' ಅಂತ. ಗಂಡನ ಕಡೆ ತಿರುಗೂ ನೋಡ್ಲಿಲ್ಲ. ನಾನು ವಾಲ್ವ್ ಬಿಚ್ಚಿ ಮೇಲೆ ಓಡಿದೆ, ನೀರು ಕಾಯಿಸಿದೆ, ಆರಿಸಿ ಚಮಚ ಚಮಚ ಬಿಟ್ಟೆ. ಒಂದು ವಾರ ಹಿಡೀತು, ಅತ್ತೆ ಬದುಕಿಕೊಂಡ್ರು. ಆಮೇಲೆ ಆ ಹೆಂಗಸೇ ಒಂದಿನ ಮೇಲೆ ಬಂದು ಕೂತು ಅವರ ಭಾಷೇಲಿ, ಕೈಸನ್ನೇಲಿ ಹೇಳಿದ್ರು. ಅವರೂರಲ್ಲಿ ಒಂದು ಚಳಿಗಾಲ ಪೈಪ್ ಒಡೆದು, ನೀರು ಮೆಟ್ಟಿಲ ಮೇಲೆ ಹರಿದು ಗಾಜಿನ ಹಾಗೆ ಹೆಪ್ಪುಗಟ್ಟಿತ್ತಂತೆ. ಸಾಹೇಬ್ರ ತಂದೆ ಅದ್ರ ಮೇಲೆ ಜಾರಿ ಬಿದ್ದು, ಹಾಸಿಗೆ ಹಿಡಿದು, ಹೋಗೇಬಿಟ್ರಂತೆ. ಅಯ್ಯೋ ಅನ್ನಿಸ್ತು ನಂಗೆ. ಅನ್ನಿಸ್ತು, ಇಲ್ಲ ಅನ್ನಲ್ಲ. ಆದ್ರೆ ಅವರಪ್ಪ ಹೋದ್ರು ಅಂತ ನಮ್ಮತ್ತೆ ಬಾಯಾರಿ ಸಾಯ್ಬೇಕಾ? ಆ ಕೋಪ ಇವತ್ತಿಗೂ ಇಳಿದಿಲ್ಲ ನಂಗೆ.

ಸಾಹೇಬ್ರು ಮತ್ತೆ ವಾಲ್ವ್ ಮುಟ್ಲಿಲ್ಲ, ಆದ್ರೆ ಸುಮ್ನೂ ಬಿಡ್ಲಿಲ್ಲ. ತಾತನಿಗೆ ತಿರುವನಂತಪುರಕ್ಕೆ ವರ್ಗ ಆಯ್ತು. ಇನ್ನೂ ಕಾಲು ಗಟ್ಟಿಯಾಗದ ಅತ್ತೇನ ಎತ್ಕೊಂಡು ಅಲ್ಲಿನ ತಂಪಾನೂರಲ್ಲಿ ಬಸ್ಸಿಳಿದ್ವಿ. ತಾತ ಲಾಡ್ಜಿನ ರೂಮಲ್ಲಿ ಟ್ರಂಕಿನ ಮೇಲೆ ಕೂತು, 'ಎಲ್ಲಾ ನಿನ್ನ ಬಾಯಿಂದ' ಅಂದ್ರು. ನಾನು ಮಾತಾಡೋ ಮೊದಲೇ ಅತ್ತೆ ಗದರಿದ್ರು: 'ಅವಳ ಬಾಯಿಂದಾನೇ ಕಣೋ ನಾನಿಲ್ಲಿ ಕೂತಿರೋದು!' ತಾತ ಎದ್ದು ನೀರು ತರೋಕೆ ಹೋದ್ರು ನೋಡಿ. ಅದಕ್ಕೇ ಹೇಳ್ತೀನಿ ಮಕ್ಕಳಾ, ನಿಮ್ಮೂರಿನ ಭಯ ಇನ್ನೊಂದೂರಿನೋರ ತಲೆ ಮೇಲೆ ಹೇರ್ಬೇಡಿ. ಯಾರಾದ್ರೂ ನಿಮ್ಮ ಮೇಲೆ ಹೇರಿದ್ರೆ, ಎಷ್ಟೇ ದೊಡ್ಡ ಸಾಹೇಬ್ರಾಗಿರ್ಲಿ, ಹೋಗಿ ಬಾಗಿಲು ಬಡೀರಿ.