ಮೂರನೇ ಸುತ್ತು

ಎಂಆರ್‌ಐ ಯಂತ್ರದ ಅಯಸ್ಕಾಂತ ಎಂದೂ ಆರುವುದಿಲ್ಲ ಎಂದು ಆ ಆಸ್ಪತ್ರೆಯಲ್ಲಿ ಎಲ್ಲರೂ ನಂಬಿದ್ದರು. ಕರೆಂಟ್ ಹೋದರೂ, ಕೋಣೆಗೆ ಬೀಗ ಬಿದ್ದರೂ ಸೆಳೆತ ಇದ್ದೇ ಇರುತ್ತದಂತೆ. ಓದಿದವನು ನಾನು, ನಾನೂ ನಂಬಿದ್ದೆ.

ದೆವ್ವಗಳ ಮೇಲೆ ನನಗೆ ಗೌರವವಿಲ್ಲ. ಇದು ನನ್ನ ಚಿಕ್ಕಮ್ಮನ ಮಗಳಿಗೆ ಆದದ್ದು. ನಾನು ಜೊತೆಗಿದ್ದೆ, ಅಷ್ಟೇ.

ಅವಳಿಗೆ ಇದು ಮೂರನೇ ಬಸಿರು. ಮೊದಲೆರಡು ಉಳಿದಿರಲಿಲ್ಲ. ಈ ಮಗುವಿನ ಎದೆ ಹೊಟ್ಟೆಗಳ ನಡುವಿನ ಪೊರೆಯಲ್ಲಿ ತೂತಿತ್ತು. ಕರುಳು ಮೇಲೆ ನುಗ್ಗಿ ಶ್ವಾಸಕೋಶ ಬೆಳೆಯಲು ಜಾಗವಿರಲಿಲ್ಲ. ಡಾಕ್ಟರು ಅವಳ ಹೊಟ್ಟೆಗೆ ಕಡ್ಡಿಯಷ್ಟು ಸಪೂರದ ಕ್ಯಾಮೆರಾ ನಳಿಕೆ ತೂರಿಸಿ, ಮಗುವಿನ ಬಾಯೊಳಗೆ ಇಳಿಸಿ, ಶ್ವಾಸನಾಳದಲ್ಲಿ ಪುಟ್ಟ ಬಲೂನು ಕೂರಿಸಿದ್ದರು. ಒಳಗಿನ ನೀರು ಅಲ್ಲೇ ನಿಂತು ಶ್ವಾಸಕೋಶ ಹಿಗ್ಗಲಿ ಎಂದು. ಹಿಗ್ಗಿತು. ಆದರೆ ಹೆರಿಗೆಗೆ ಮೊದಲು ಬಲೂನು ಹೋಗಲೇಬೇಕು. ಇಲ್ಲದಿದ್ದರೆ ಮೊದಲ ಉಸಿರಿಗೇ ದಾರಿಯಿಲ್ಲ. ಬಲೂನಿಗೆ ಅಯಸ್ಕಾಂತದ ಬಿರಡೆ. ತಾಯಿ ಎಂಆರ್‌ಐ ಯಂತ್ರದ ಸುತ್ತ ನಡೆದರೆ ಅದು ತೆರೆದುಕೊಂಡು, ಬಲೂನು ಕುಗ್ಗಿ ಹೊರಬೀಳುತ್ತದೆ.

ಬಲೂನು ತೆಗೆಯಲು ಗೊತ್ತು ಮಾಡಿದ ದಿನಕ್ಕೆ ಎರಡು ವಾರ ಮೊದಲೇ, ರಾತ್ರಿ ಒಂದೂವರೆಗೆ ನೋವು ಬಂತು. ಬಲೂನು ಹಾಕಿದ ಡಾಕ್ಟರು ಆರು ಗಂಟೆ ದಾರಿಯ ದೂರದಲ್ಲಿದ್ದರು.

ನರ್ಸಮ್ಮ, ಅವಳು, ನಾನು... ಹೆರಿಗೆ ವಾರ್ಡಿನಿಂದ ಎಂಆರ್‌ಐ ಇರುವ ಹಳೇ ಕಟ್ಟಡಕ್ಕೆ ಹೊರಟೆವು. ಅಂಗಳದ ಬಾವಿಯ ಹತ್ತಿರ ಅವಳು ಬಾಗಿ ನಿಂತಳು. ಬಾವಿಯ ರಾಟೆ ಕಿರ್ರ್ ಎಂದಿತು. ಗಾಳಿಯಿರಲಿಲ್ಲ.

"ಅಣ್ಣಾ, ಆಗ್ತಿಲ್ಲ."

"ಇನ್ನು ಹತ್ತೇ ಹೆಜ್ಜೆ."

"ಆಗ್ಲಿಂದ ಹತ್ತೇ ಅಂತಿದೀಯ. ಕಾಲೇಜಲ್ಲಿ ಲೆಕ್ಕ ಬೇರೆ ಹೇಳಿಕೊಡ್ತೀಯ!"

ಬಾಗಿಲಲ್ಲಿ 'ದುರಸ್ತಿಯಲ್ಲಿದೆ' ಎಂಬ ಬೋರ್ಡು.

"ಫೋಟೋ ತೆಗೆಯೋದು ಕೆಟ್ಟಿರುತ್ತೆ. ಅಯಸ್ಕಾಂತಕ್ಕೇನಾಗುತ್ತೆ?" ನರ್ಸಮ್ಮ ಬೀಗ ತೆಗೆದರು. "ಬಳೆ, ಸರ, ಕೀಲಿ, ಮೊಬೈಲು, ಎಲ್ಲ ಹೊರಗಿಡಿ."

ಒಳಗೆ ದೀಪ ಹತ್ತಲಿಲ್ಲ, ತೆರೆದ ಬಾಗಿಲಿಂದ ಬರುವ ವರಾಂಡದ ಬೆಳಕಷ್ಟೇ. ಮೂಲೆಯಿಂದ ಹಲ್ಲಿ ಲೊಚಗುಟ್ಟಿದಂಥ ಸದ್ದು. ಲೊಚ್... ಲೊಚ್... ಸೆಕೆಂಡಿಗೊಂದು.

"ಏನದು?" ಪಿಸುಗುಟ್ಟಿದೆ.

"ಅಯಸ್ಕಾಂತ ತಣ್ಣಗಿಡೋ ಪಂಪು. ಹಗಲೂ ರಾತ್ರಿ ಓಡುತ್ತೆ."

ಒಂದು ಸುತ್ತು. ಎರಡು. ಅವಳ ಉಗುರು ನನ್ನ ತೋಳಿನಲ್ಲಿ ಇಳಿದಿತ್ತು.

"ದೇವರಿಗೂ ಸುತ್ತು ಹಾಕದವನು ನೀನು..."

"ಸುಮ್ನೆ ನಡಿಯೇ."

"ಇದೂ ಹೋದ್ರೆ ನಾನಿರಲ್ಲ, ಅಣ್ಣ."

ಮೂರನೇ ಸುತ್ತಿನಲ್ಲಿ... ಟಿಣ್. ಅವಳ ತುರುಬು ಬಿಚ್ಚಿ ಬೆನ್ನ ಮೇಲೆ ಬಿತ್ತು. ತೆಗೆಯಲು ಮರೆತ ಹೇರ್‌ಪಿನ್ನು ಹಾರಿ ಯಂತ್ರಕ್ಕೆ ಕಚ್ಚಿಕೊಂಡಿತ್ತು.

"ನೋಡಿದ್ರಾ ಸೆಳೆತ!" ಎಂದರು ನರ್ಸಮ್ಮ.

ಅವಳು ಹೊಟ್ಟೆ ಹಿಡಿದು ನಿಂತಿದ್ದಳು. "ಒಳಗೆ... ಯಾರೋ ಕೈಯಾಡಿಸಿದ ಹಾಗಾಯ್ತು. ಪುಟ್ಟ ಕೈ."

ಹೆರಿಗೆ ಕೋಣೆಯಲ್ಲಿ ಸ್ಕ್ಯಾನ್ ಮಾಡಿದರು. ಬಲೂನು ಶ್ವಾಸನಾಳದಲ್ಲಿರಲಿಲ್ಲ. ಮಗು ಹುಟ್ಟಿ ಒಮ್ಮೆ ಕೀರಲಾಗಿ ಅತ್ತಿತು. ತಕ್ಷಣ ಉಸಿರಿನ ನಳಿಕೆ ಹಾಕಿದರು, ಆಮೇಲೆ ಪೊರೆಯ ತೂತು ಹೊಲಿದರು. ಈಗ ಅವನಿಗೆ ನಾಲ್ಕು ವರ್ಷ. ಬಾಯಿ ಮುಚ್ಚುವುದೇ ಇಲ್ಲ.

ಬೆಳಗ್ಗೆ ಪಿನ್ನು ತರಲು ಹೋದೆ. ಯಂತ್ರ ರಿಪೇರಿಯವನು ಬಂದಿದ್ದ. ರಾತ್ರಿಯದನ್ನು ಹೇಳಿದೆ.

"ತಮಾಷೆ ಮಾಡ್ಬೇಡಿ ಸಾರ್. ಇದರ ಅಯಸ್ಕಾಂತ ಆರಿಸಿ ಒಂಬತ್ತು ದಿನ ಆಯ್ತು. ಈಗಿದು ಬರೀ ಪೀಪಾಯಿ."

"ಮತ್ತೆ ಪಂಪು?"

"ಬಿಚ್ಚಿ ಕಳಿಸಿದೀವಲ್ಲ."

ನನ್ನನ್ನು ನಂಬಿಸಲು ಅವನು ತನ್ನ ಸ್ಪ್ಯಾನರನ್ನು ಯಂತ್ರಕ್ಕೆ ಒತ್ತಿ ಕೈಬಿಟ್ಟ. ಠಣ್ ಎಂದು ನೆಲಕ್ಕೆ ಬಿತ್ತು.

ನೀವು ನಂಬಿದರೂ ಬಿಟ್ಟರೂ ನನಗೆ ಆಗಬೇಕಾದ್ದೇನಿಲ್ಲ. ನಡೆದದ್ದು ಹೇಳಿದೆ. ಪಿನ್ನು ಮಾತ್ರ ಅಲ್ಲೇ ಕಚ್ಚಿಕೊಂಡಿತ್ತು. ಕೀಳಲು ಇಕ್ಕಳ ಹಿಡಿದು ಇಬ್ಬರೂ ಎಳೆಯಬೇಕಾಯಿತು.